ಜೀನಿನವರೆಗೂ ಮುಟ್ಟುವ ಎಳೆತ

1980ರ ದಶಕದ ಕೊನೆಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನೆಟ್ ಬ್ರಾಮ್ ಎಂಬ ಯುವ ವಿಜ್ಞಾನಿ ಅರಾಬಿಡಾಪ್ಸಿಸ್ ಗಿಡಗಳಿಗೆ ಹಾರ್ಮೋನ್ ಸಿಂಪಡಿಸುತ್ತಿದ್ದರು. ಅರಾಬಿಡಾಪ್ಸಿಸ್ ಸಾಸಿವೆಯ ಕುಟುಂಬಕ್ಕೆ ಸೇರಿದ ಪುಟ್ಟ ಕಳೆಗಿಡ. ಸಸ್ಯವಿಜ್ಞಾನದ ಪ್ರಯೋಗಾಲಯಗಳಲ್ಲಿ ಇದಕ್ಕೇ ಮೊದಲ ಮಣೆ. ಹಾರ್ಮೋನ್ ತಾಗಿದಾಗ ಯಾವ ಜೀನ್‌ಗಳು ಚುರುಕಾಗುತ್ತವೆ ಎಂದು ಹುಡುಕುವುದು ಅವರ ಉದ್ದೇಶವಾಗಿತ್ತು. ಹೋಲಿಕೆಗೆಂದು ಇನ್ನೊಂದಷ್ಟು ಗಿಡಗಳಿಗೆ ಬರೀ ನೀರು ಸಿಂಪಡಿಸಿದ್ದರು. ಹಾರ್ಮೋನ್ ಬಿದ್ದ ಗಿಡಗಳಲ್ಲಿ ಕೆಲವು ಜೀನ್‌ಗಳು ಭರ್ಜರಿಯಾಗಿ ಎಚ್ಚೆತ್ತಿದ್ದವು. ನೀರು ಬಿದ್ದ ಗಿಡಗಳಲ್ಲೂ ಅವೇ ಜೀನ್‌ಗಳು ಅಷ್ಟೇ ಭರ್ಜರಿಯಾಗಿ ಎಚ್ಚೆತ್ತಿದ್ದವು.

ಇಂಥ ಫಲಿತಾಂಶ ಬಂದಾಗ ಪ್ರಯೋಗ ಕೆಟ್ಟಿತೆಂದು ಕೈಬಿಡುವವರೇ ಹೆಚ್ಚು. ಬ್ರಾಮ್ ಮತ್ತು ಅವರ ಹಿರಿಯ ಸಹೋದ್ಯೋಗಿ ರೊನಾಲ್ಡ್ ಡೇವಿಸ್ ಕೈಬಿಡಲಿಲ್ಲ. ಎಲೆಗಳಿಗೆ ಗಾಳಿ ಬೀಸಿದರು. ಎಲೆಗಳನ್ನು ಕೈಯಿಂದ ಮೆಲ್ಲಗೆ ಆಡಿಸಿದರು. ಅಷ್ಟಕ್ಕೇ ಹತ್ತರಿಂದ ಮೂವತ್ತು ನಿಮಿಷದೊಳಗೆ ಆ ಜೀನ್‌ಗಳ ನಕಲು ಪ್ರತಿಗಳು ಹೆಚ್ಚಾದವು, ಕೆಲವು ನೂರು ಪಟ್ಟಿನವರೆಗೂ. ದಿನಕ್ಕೆರಡು ಬಾರಿ ಮುಟ್ಟಿಸಿಕೊಂಡ ಗಿಡಗಳು ಗಿಡ್ಡವಾಗಿಯೇ ಉಳಿದವು. 1990ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಹಾರ್ಮೋನಿಗೆ ಯಾವ ಪಾತ್ರವೂ ಇರಲಿಲ್ಲ. ಸ್ಪರ್ಶವೇ ಜೀನ್‌ಗಳನ್ನು ಎಬ್ಬಿಸಿತ್ತು.

ಜೀನ್ ಎಚ್ಚರಗೊಳ್ಳುವುದು ಎಂದರೇನು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಚರ್ಮದ ಕೋಶದಲ್ಲೂ ಮೂಳೆಯ ಕೋಶದಲ್ಲೂ ಇರುವ ಡಿಎನ್‌ಎ ಒಂದೇ. ಪ್ರೋಟೀನ್ ತಯಾರಿಸುವ ಸುಮಾರು 20,000 ಜೀನ್‌ಗಳಲ್ಲಿ ಯಾವುದನ್ನು ನಕಲು ಮಾಡಿಕೊಳ್ಳಬೇಕು, ಎಷ್ಟು ಮಾಡಿಕೊಳ್ಳಬೇಕು ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಈ ಆಯ್ಕೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಮೊದಲ ಸ್ಪಷ್ಟ ಉತ್ತರ ಕೊಟ್ಟವರು ಫ್ರಾನ್ಸಿನ ಫ್ರಾಂಸ್ವಾ ಜೇಕಬ್ ಮತ್ತು ಜಾಕ್ ಮೊನೊ. 1961ರಲ್ಲಿ ಅವರು ಬ್ಯಾಕ್ಟೀರಿಯಾ ಹಾಲಿನ ಸಕ್ಕರೆ ಸಿಕ್ಕಾಗ ಅದನ್ನು ಜೀರ್ಣಿಸುವ ಜೀನ್‌ಗಳನ್ನು ಹೇಗೆ ತೆರೆಯುತ್ತದೆ ಎಂದು ವಿವರಿಸಿದರು. ಆಮೇಲೆ ಬಂದ ಹಾರ್ಮೋನ್, ಬೆಳವಣಿಗೆ ಅಂಶ, ಔಷಧಿಗಳ ಕಥೆಗಳೆಲ್ಲ ಅದೇ ಜಾಡಿನವು: ಒಂದು ರಾಸಾಯನಿಕ ಬಂದು ಅಂಟುತ್ತದೆ, ಜೀನ್ ತೆರೆಯುತ್ತದೆ. ಬೆರಳಿನಿಂದ ಎಲೆ ಸವರಿದರೆ ಹೊಸದಾಗಿ ಯಾವ ವಸ್ತುವೂ ಒಳಗೆ ಹೋಗುವುದಿಲ್ಲ. ಹಾಗಾದರೆ ಒತ್ತಡ, ಎಳೆತ, ಬಾಗುವಿಕೆ ಇವು ಕೋಶದ ನಡುವೆ ಸುರಕ್ಷಿತವಾಗಿ ಕೂತ ಡಿಎನ್‌ಎವರೆಗೆ ಹೇಗೆ ಮುಟ್ಟುತ್ತವೆ?

ಉತ್ತರದ ಮೊದಲ ತುಂಡು ಇನ್ನೂ ಹತ್ತು ವರ್ಷ ಹಿಂದೆಯೇ ಸಿಕ್ಕಿತ್ತು. 1980ರಲ್ಲಿ ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ಆಲ್ಬರ್ಟ್ ಹ್ಯಾರಿಸ್ ಮತ್ತು ಸಂಗಡಿಗರು ಸಿಲಿಕೋನ್ ದ್ರವದ ಮೇಲ್ಮೈಗೆ ಕ್ಷಣಹೊತ್ತು ಬೆಂಕಿಯ ಜ್ವಾಲೆ ತಾಗಿಸಿದರು. ಮೇಲ್ಪದರವಷ್ಟೇ ಗಟ್ಟಿಯಾಗಿ ತೆಳುವಾದ ರಬ್ಬರ್ ಪೊರೆಯಾಯಿತು, ಕೆಳಗೆ ದ್ರವ ದ್ರವವಾಗಿಯೇ ಉಳಿಯಿತು. ಆ ಪೊರೆಯ ಮೇಲೆ ಅಂಗಾಂಶ ಕಟ್ಟುವ ಫೈಬ್ರೊಬ್ಲಾಸ್ಟ್ ಕೋಶಗಳನ್ನು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೋಶಗಳು ಹರಡಿಕೊಂಡು ಕೂತ ಜಾಗದಲ್ಲೆಲ್ಲ ಪೊರೆ ಸುಕ್ಕುಗಟ್ಟಿತ್ತು. ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದೆಳೆದರೆ ಏಳುವಂಥ ನೆರಿಗೆಗಳು, ಆದರೆ ಕೋಶವೊಂದರ ಅಳತೆಯಲ್ಲಿ. ಜೀವಕೋಶ ತಾನು ಕೂತ ನೆಲವನ್ನು ಸದಾ ಎಳೆಯುತ್ತಲೇ ಇರುತ್ತದೆ ಎಂಬುದು ಕಣ್ಣಿಗೇ ಕಂಡಿತು. ಗಾಯ ಮಾಯುವಾಗ ಅದರ ಅಂಚುಗಳು ಹತ್ತಿರ ಬರುವುದು ಇದೇ ಎಳೆತದಿಂದ.

ಈ ಅಧ್ಯಾಯದ ಉದ್ದಕ್ಕೂ ನಾನು ಹಿಡಿದುಕೊಂಡು ಹೋಗುವ ವಿಷಯ ಇದು. ಕೋಶದ ಮೇಲೆ ಹೊರಗಿನಿಂದ ಬಲ ಬೀಳುವುದು ಕಥೆಯ ಅರ್ಧ ಮಾತ್ರ. ಉಳಿದರ್ಧದಲ್ಲಿ ಕೋಶವೇ ಎಳೆದು ನೋಡುತ್ತದೆ, ಎದುರು ಎಷ್ಟು ಪ್ರತಿರೋಧ ಬಂತು ಎಂದು ಅಳೆಯುತ್ತದೆ, ಆ ಅಳತೆಗೆ ತಕ್ಕ ಜೀನ್‌ಗಳನ್ನು ಓದಿಕೊಳ್ಳುತ್ತದೆ.

ಇದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದ ಪ್ರಯೋಗ 2006ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಬಂತು. ಡೆನ್ನಿಸ್ ಡಿಷರ್ ಅವರ ಗುಂಪು. ಪ್ರಬಂಧದ ಮೊದಲ ಹೆಸರು ಆ್ಯಡಮ್ ಎಂಗ್ಲರ್, ಎರಡನೆಯದು ಶಮೀಕ್ ಸೇನ್. ಸೇನ್ ಆಮೇಲೆ ಬಾಂಬೆ ಐಐಟಿಗೆ ಬಂದು ಪಾಠ, ಸಂಶೋಧನೆ ಮುಂದುವರಿಸಿದರು. ಪ್ರಯೋಗಾಲಯಗಳಲ್ಲಿ ಕೋಶಗಳನ್ನು ಬೆಳೆಸುವುದು ಪಾಲಿಸ್ಟೈರೀನ್ ಪ್ಲಾಸ್ಟಿಕ್ ತಟ್ಟೆಗಳಲ್ಲಿ. ಮಿದುಳಿನ ಮೆತುವಿಗೆ ಹೋಲಿಸಿದರೆ ಆ ಪ್ಲಾಸ್ಟಿಕ್ ಹತ್ತು ಲಕ್ಷ ಪಟ್ಟಿಗೂ ಹೆಚ್ಚು ಗಡುಸು. ದೇಹದ ಯಾವ ಮೆದು ಅಂಗದಲ್ಲೂ ಕೋಶ ಇಂಥ ನೆಲವನ್ನು ಕಂಡಿರುವುದಿಲ್ಲ. ಆದ್ದರಿಂದ ಅವರು ಗಾಜಿನ ಮೇಲೆ ಪಾಲಿಅಕ್ರಿಲಮೈಡ್ ಜೆಲ್ಲಿನ ತೆಳುಪದರ ಹಾಕಿದರು. ಪ್ರೋಟೀನ್‌ಗಳನ್ನು ಬೇರ್ಪಡಿಸಲು ಜೀವರಸಾಯನ ವಿಭಾಗಗಳಲ್ಲಿ ದಿನವೂ ಎರೆಯುವ ಜೆಲ್ಲೇ ಅದು. ಎಳೆಗಳನ್ನು ಹೆಣೆಯುವ ರಾಸಾಯನಿಕವನ್ನು ಕಡಿಮೆ ಹಾಕಿದರೆ ಜೆಲ್ ಮೆತ್ತಗೆ, ಜಾಸ್ತಿ ಹಾಕಿದರೆ ಬಿಗಿ. ಮೇಲೆ ಕೊಲಾಜೆನ್ ಸವರಿ, ಮನುಷ್ಯರ ಅಸ್ಥಿಮಜ್ಜೆಯಿಂದ ತೆಗೆದ, ಬೇರೆಬೇರೆ ಬಗೆಯ ಕೋಶಗಳಾಗಬಲ್ಲ ಆಕರಕೋಶಗಳನ್ನು ಬಿಟ್ಟರು. ಎಲ್ಲ ತಟ್ಟೆಗಳಿಗೂ ಒಂದೇ ಪೋಷಕ ದ್ರವ, ಒಂದೇ ಕೊಲಾಜೆನ್.

ಮಿದುಳಿನಷ್ಟು ಮೆತ್ತಗಿನ ಜೆಲ್ಲಿನ ಮೇಲೆ, ಅಂದರೆ 0.1ರಿಂದ 1 ಕಿಲೋಪ್ಯಾಸ್ಕಲ್ ಬಿಗಿಯಲ್ಲಿ, ಕೋಶಗಳು ಕವಲೊಡೆದು ನರಕೋಶದ ಆಕಾರ ತಳೆದವು. ನರಕೋಶಗಳ ಜೀನ್‌ಗಳೂ ತೆರೆದುಕೊಂಡವು. ಸ್ನಾಯುವಿನ ಬಿಗಿಯಲ್ಲಿ, 8ರಿಂದ 17 ಕಿಲೋಪ್ಯಾಸ್ಕಲ್‌ನಲ್ಲಿ, ಕೋಶಗಳು ಕದಿರಿನಂತೆ ಉದ್ದವಾಗಿ ಸ್ನಾಯುವಿನ ಜೀನ್‌ಗಳನ್ನು ಓದತೊಡಗಿದವು. 25ರಿಂದ 40ರಲ್ಲಿ ಮೂಳೆ ಕಟ್ಟುವ ಕೋಶಗಳ ಲಕ್ಷಣ. ಮೊದಲ ವಾರದಲ್ಲಿ ರಾಸಾಯನಿಕ ಕೊಟ್ಟು ದಾರಿ ಬದಲಿಸಲು ಸಾಧ್ಯವಿತ್ತು. ಕೆಲವು ವಾರ ಕಳೆದ ಮೇಲೆ ನೆಲ ಹೇಳಿದ್ದೇ ಗಟ್ಟಿಯಾಯಿತು. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಪ್ರಯೋಗದ ಇನ್ನೊಂದು ಭಾಗ. ಕೋಶ ಎಳೆಯುವುದು ಮಯೋಸಿನ್ ಎಂಬ ಪ್ರೋಟೀನ್ ಯಂತ್ರಗಳಿಂದ. ಬ್ಲೆಬಿಸ್ಟಾಟಿನ್ ಎಂಬ ರಾಸಾಯನಿಕ ಹಾಕಿ ಆ ಯಂತ್ರಗಳನ್ನು ತಡೆದಾಗ ಮೆತು ನೆಲ, ಬಿಗಿ ನೆಲಗಳ ಭೇದವೇ ಕೋಶಗಳಿಗೆ ತಿಳಿಯದೆ ಹೋಯಿತು. ಎಳೆಯಲಾಗದ ಕೋಶಕ್ಕೆ ನೆಲ ಹೇಗಿದೆ ಎಂದು ಗೊತ್ತಾಗುವುದಿಲ್ಲ.

ಈ ಪ್ರಯೋಗವನ್ನು ಪ್ರಶ್ನಿಸಿದವರೂ ಇದ್ದಾರೆ. ಜೆಲ್ ಮೆತ್ತಗಾದಷ್ಟೂ ಮೇಲಿನ ಕೊಲಾಜೆನ್ ಸಡಿಲವಾಗಿ ಅಂಟುತ್ತದೆ, ಕೋಶ ಗುರುತಿಸುವುದು ಆ ಸಡಿಲಿಕೆಯನ್ನೇ ಹೊರತು ಜೆಲ್ಲಿನ ಬಿಗಿಯನ್ನಲ್ಲ ಎಂದು 2012ರಲ್ಲಿ ಒಂದು ಗುಂಪು ವಾದಿಸಿತು. ಎರಡು ವರ್ಷಗಳ ನಂತರ ಎಂಗ್ಲರ್ ಅವರೇ ಅಂಟಿನ ಹಿಡಿತವನ್ನೂ ಬಿಗಿಯನ್ನೂ ಬೇರೆಬೇರೆಯಾಗಿ ಬದಲಿಸಿ, ಬಿಗಿಯೇ ಮುಖ್ಯವೆಂದು ತೋರಿಸಿದರು. ನಿಜವಾದ ಅಂಗಾಂಶ ರಬ್ಬರಿನಂತೆ ಪೂರ್ತಿ ಹಿಂಪುಟಿಯುವುದಿಲ್ಲ, ಎಳೆದರೆ ಸ್ವಲ್ಪ ಸ್ವಲ್ಪವೇ ಸೋಲುತ್ತದೆ. ಆ ಸೋಲುವ ಗುಣವನ್ನೂ ಕೋಶ ಗಮನಿಸುತ್ತದೆ ಎಂದು ಈಗ ಗೊತ್ತಾಗಿದೆ. ಹೀಗಾಗಿ 2006ರ ಅಂಕಿಗಳನ್ನು ಕೋಶದ ಭವಿಷ್ಯ ಹೇಳುವ ಕೋಷ್ಟಕವೆಂದು ಓದಬಾರದು. ಎಳೆತ ಜೀನಿನವರೆಗೆ ತಲುಪುತ್ತದೆ ಎಂಬ ಮೂಲ ಸಂಗತಿ ಮಾತ್ರ ಅಲುಗಿಲ್ಲ.

ತಲುಪುವ ದಾರಿ ಈಗ ಬಹುಮಟ್ಟಿಗೆ ತಿಳಿದಿದೆ. ಕೋಶದ ಪೊರೆಯನ್ನು ಹಾದು ನಿಂತ ಇಂಟೆಗ್ರಿನ್ ಎಂಬ ಪ್ರೋಟೀನ್‌ಗಳು ಹೊರಗಿನ ಎಳೆಗಳನ್ನು ಹಿಡಿದಿರುತ್ತವೆ. ಒಳಬದಿಯಲ್ಲಿ ಅವಕ್ಕೆ ಟ್ಯಾಲಿನ್ ಎಂಬ ಉದ್ದನೆಯ ಪ್ರೋಟೀನ್ ಅಂಟಿರುತ್ತದೆ, ಟ್ಯಾಲಿನ್‌ಗೆ ಆಕ್ಟಿನ್ ತಂತುಗಳು. ಮಯೋಸಿನ್ ಆ ತಂತುಗಳನ್ನು ಎಳೆದಾಗ ಟ್ಯಾಲಿನ್ನಿನ ಮಡಿಕೆ ಬಿಚ್ಚುತ್ತದೆ. ಅದಕ್ಕೆ ಕೆಲವೇ ಪೀಕೋನ್ಯೂಟನ್ ಬಲ ಸಾಕು. ಒಂದು ನ್ಯೂಟನ್ನನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಪೀಕೋನ್ಯೂಟನ್. ಮಡಿಕೆಯೊಳಗೆ ಅಡಗಿದ್ದ ಜಾಗಗಳು ಹೊರಬಂದು ವಿನ್‌ಕ್ಯುಲಿನ್ ಎಂಬ ಇನ್ನೊಂದು ಪ್ರೋಟೀನ್ ಅಲ್ಲಿಗೆ ಬಂದು ಸೇರುತ್ತದೆ, ಹಿಡಿತ ಇನ್ನೂ ಬಲವಾಗುತ್ತದೆ. ಮೆತು ನೆಲದಲ್ಲಿ ಎಳೆದಷ್ಟೂ ನೆಲವೇ ಹಿಂದೆ ಬರುವುದರಿಂದ ಟ್ಯಾಲಿನ್ ಬಿಚ್ಚುವ ಮಟ್ಟಿಗೆ ಬಿಗಿ ಏರುವುದೇ ಇಲ್ಲ.

ಆಕ್ಟಿನ್ ತಂತುಗಳ ಇನ್ನೊಂದು ತುದಿ ಕೋಶಕೇಂದ್ರದ ಪೊರೆಯಲ್ಲಿ ಕಟ್ಟಿಕೊಂಡಿದೆ. ನೆಸ್ಪ್ರಿನ್ ಮತ್ತು ಸನ್ ಎಂಬ ಪ್ರೋಟೀನ್ ಜೋಡಿ ಆ ಪೊರೆಯ ಎರಡು ಪದರಗಳನ್ನೂ ದಾಟಿ ಒಳಗಿನ ಲ್ಯಾಮಿನ್ ಜಾಲಕ್ಕೆ ಕೊಂಡಿ ಹಾಕುತ್ತದೆ. ಡಿಎನ್‌ಎ ಸುತ್ತಿಕೊಂಡ ಕ್ರೊಮ್ಯಾಟಿನ್ ಆ ಲ್ಯಾಮಿನ್ನಿಗೆ ಅಲ್ಲಲ್ಲಿ ಅಂಟಿಕೊಂಡಿರುತ್ತದೆ. ಹೊರಗಿನ ನೆಲದಿಂದ ಡಿಎನ್‌ಎವರೆಗೆ ಎಲ್ಲೂ ತುಂಡಾಗದ ಒಂದೇ ಮಿಣಿ. ತೇರಿನ ಮಿಣಿ ಬಿಗಿಯಾದೊಡನೆ ಮುಂದಿನ ಕೈಗಳ ಜಗ್ಗಾಟ ಹಿಂದೆ ಗಾಲಿಗೆ ತಾಗುವಂತೆ, ಇಲ್ಲೂ ಬಿಗಿಯಿದ್ದರೆ ಸುದ್ದಿ ಕ್ಷಣದಲ್ಲಿ ತಲುಪುತ್ತದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ನಿಂಗ್ ವಾಂಗ್ ಅವರ ಗುಂಪು 2008ರಲ್ಲಿ ಇದನ್ನು ಅಳೆಯಿತು. ಕೋಶಕ್ಕೆ ಅಂಟಿಸಿದ ಮಣಿಯನ್ನು ಎಳೆದರೆ ಒಳಗಿನ ಎಸ್ಆರ್‌ಸಿ ಎಂಬ ಕಿಣ್ವ 0.3 ಸೆಕೆಂಡಿನೊಳಗೆ ಚುರುಕಾಯಿತು. ಬೆಳವಣಿಗೆ ಅಂಶವನ್ನು ದ್ರವಕ್ಕೆ ಹಾಕಿದಾಗ ಅದೇ ಕೆಲಸಕ್ಕೆ ಸುಮಾರು 12 ಸೆಕೆಂಡು ಬೇಕಾಯಿತು.

2016ರಲ್ಲಿ ಅದೇ ಗುಂಪು ಒಂದು ಹೆಜ್ಜೆ ಮುಂದೆ ಹೋಯಿತು. ಒಂದು ನಿರ್ದಿಷ್ಟ ಜೀನಿನ ಎರಡೂ ಬದಿಯ ಕ್ರೊಮ್ಯಾಟಿನ್ ಹಸಿರಾಗಿ ಹೊಳೆಯುವಂತೆ ಮಾಡಿದ ಕೋಶಗಳನ್ನು ತೆಗೆದುಕೊಂಡರು. ಹೊರಗೆ ಕಾಂತೀಯ ಮಣಿ ಅಂಟಿಸಿ ಹೊರಳಿಸಿದಾಗ ಒಳಗಿನ ಹಸಿರು ಚುಕ್ಕೆಗಳು ಪರಸ್ಪರ ದೂರ ಸರಿದವು, ಅಂದರೆ ಕ್ರೊಮ್ಯಾಟಿನ್ ಹಿಗ್ಗಿತು. ಆ ಜೀನಿನ ನಕಲು ಕೆಲಸವೂ ಹೆಚ್ಚಿತು. ನಡುವಿನ ಕೊಂಡಿಗಳನ್ನು ಕಳಚಿದಾಗ ಎರಡೂ ನಿಂತವು. ಹಾಗೆಂದು ಎಳೆದರೆ ಎಲ್ಲ ಜೀನ್‌ಗಳೂ ತೆರೆಯುತ್ತವೆ ಎಂದಲ್ಲ. ಬಿಗಿಯಾಗಿ ಸುತ್ತಿ ಮುಚ್ಚಿಟ್ಟ ಭಾಗಗಳು ಎಳೆತಕ್ಕೂ ಜಗ್ಗುವುದಿಲ್ಲ.

ನೇರ ಎಳೆತಕ್ಕಿಂತ ಹೆಚ್ಚು ಜೀನ್‌ಗಳನ್ನು ಆಳುವುದು ಸಂದೇಶವಾಹಕರು. ಅವರಲ್ಲಿ ಪ್ರಮುಖ ಯಾಪ್ ಎಂಬ ಪ್ರೋಟೀನ್. ಇಟಲಿಯ ಪಾದುವಾದಲ್ಲಿ ಸ್ಟೆಫಾನೊ ಪಿಕ್ಕೊಲೊ ಅವರ ಗುಂಪು 2011ರಲ್ಲಿ ಕಂಡುಕೊಂಡಂತೆ, ಬಿಗಿ ನೆಲದಲ್ಲಿ ಹರಡಿ ಕೂತ ಕೋಶದಲ್ಲಿ ಯಾಪ್ ಕೋಶಕೇಂದ್ರದೊಳಗೆ ಇರುತ್ತದೆ, ಮೆತು ನೆಲದಲ್ಲಿ ಅಥವಾ ಇಕ್ಕಟ್ಟಿನಲ್ಲಿ ಹೊರಗೇ ಉಳಿಯುತ್ತದೆ. ಒಳಗೆ ಹೋದ ಯಾಪ್ ಬೆಳವಣಿಗೆಯ, ವಿಭಜನೆಯ ಜೀನ್‌ಗಳನ್ನು ತೆರೆಯುತ್ತದೆ. ಅದು ಒಳಗೆ ಹೋಗುವ ಒಂದು ಬಗೆಯನ್ನು ಬಾರ್ಸಿಲೋನಾದ ಪೆರೆ ರೋಕಾ-ಕುಸಾಕ್ಸ್ ಗುಂಪು 2017ರಲ್ಲಿ ತೋರಿಸಿತು: ಎಳೆತದಿಂದ ಕೋಶಕೇಂದ್ರ ಚಪ್ಪಟೆಯಾದಾಗ ಅದರ ಪೊರೆಯಲ್ಲಿನ ರಂಧ್ರಗಳ ಮೂಲಕ ಯಾಪ್ ಸುಲಭವಾಗಿ ನುಸುಳುತ್ತದೆ. ಇನ್ನೊಂದು ಸಂದೇಶವಾಹಕ ಕ್ಯಾಲ್ಸಿಯಂ. ಪೊರೆ ಬಿಗಿದಾಗ ತೆರೆದುಕೊಳ್ಳುವ ಪೀಜೋ ಎಂಬ ಬಾಗಿಲುಗಳ ಮೂಲಕ ಅದು ನುಗ್ಗುತ್ತದೆ. ಆರ್ಡೆಮ್ ಪಟಪೂಟಿಯನ್ ಅವರ ಪ್ರಯೋಗಾಲಯ ಈ ಬಾಗಿಲು ಹುಡುಕಲು 72 ಜೀನ್‌ಗಳ ಪಟ್ಟಿ ಮಾಡಿ, ಒಂದೊಂದನ್ನೇ ಸುಮ್ಮನಾಗಿಸಿ, ಗಾಜಿನ ಸಣ್ಣ ಮೊನೆಯಿಂದ ಕೋಶವನ್ನು ಚುಚ್ಚಿ ನೋಡಿತು. 2010ರಲ್ಲಿ ಫಲಿತಾಂಶ ಪ್ರಕಟವಾಯಿತು, 2021ರಲ್ಲಿ ನೊಬೆಲ್ ಬಂತು.

ಬೆಂಗಳೂರಿನ ಪಾಲೂ ಈ ಕಥೆಯಲ್ಲಿದೆ. ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ, ಎನ್‌ಸಿಬಿಎಸ್‌ನಲ್ಲಿ, ಜಿ.ವಿ. ಶಿವಶಂಕರ್ ಕೋಶಕೇಂದ್ರದ ಯಂತ್ರಶಾಸ್ತ್ರವನ್ನು ಅಧ್ಯಯನ ಮಾಡುತ್ತಿದ್ದರು. ಮುಂದೆ ಸಿಂಗಪುರಕ್ಕೆ, ಅನಂತರ ಸ್ವಿಟ್ಜರ್ಲೆಂಡಿಗೆ ಹೋದರು. ಅವರ ಗುಂಪು 2018ರಲ್ಲಿ ಪ್ರಕಟಿಸಿದ ಕೆಲಸ ನನ್ನನ್ನು ಇಂದಿಗೂ ಬೆರಗಾಗಿಸುತ್ತದೆ. ಇಲಿಯ ಫೈಬ್ರೊಬ್ಲಾಸ್ಟ್‌ಗಳನ್ನು ಅಂಟುಪ್ರೋಟೀನಿನ ಪುಟ್ಟ ಆಯತಗಳ ಮೇಲೆ ಕೂರಿಸಿ, ಪಕ್ಕಕ್ಕೆ ಹರಡದಂತೆ ಹತ್ತು ದಿನ ಬೆಳೆಸಿದರು. ಕೋಶಗಳು ವಿಭಜಿಸುತ್ತ ಇಕ್ಕಟ್ಟಿನಲ್ಲೇ ಉಂಡೆಗಟ್ಟಿದವು. ಹೊರಗಿನಿಂದ ಯಾವ ಜೀನನ್ನೂ ಸೇರಿಸದೆ, ಯಾವ ವಿಶೇಷ ರಾಸಾಯನಿಕವನ್ನೂ ಹಾಕದೆ ಅವುಗಳಲ್ಲಿ ಆಕರಕೋಶದ ಗುಣಗಳು ಕಾಣಿಸಿಕೊಂಡವು. ಜಾಗದ ಇಕ್ಕಟ್ಟೊಂದೇ ಆ ಕೆಲಸ ಮಾಡಿತ್ತು.

ಪ್ರಯೋಗಾಲಯದ ತಟ್ಟೆಯಲ್ಲಿ ಆಗುವುದು ದೇಹದಲ್ಲೂ ಆಗುತ್ತದೆಯೇ? ಪ್ಯಾರಿಸಿನ ಕ್ಯೂರಿ ಸಂಸ್ಥೆಯಲ್ಲಿ ಎಮಾನ್ಯುಯೆಲ್ ಫಾರ್ಜ್ 2003ರಲ್ಲಿ ಹಣ್ಣುನೊಣದ ಭ್ರೂಣವನ್ನು ಮೆಲ್ಲಗೆ ಅದುಮಿದಾಗ, ಟ್ವಿಸ್ಟ್ ಎಂಬ ಜೀನ್ ಸಾಮಾನ್ಯವಾಗಿ ಸುಮ್ಮನಿರುವ ಜಾಗಗಳಲ್ಲೂ ತೆರೆದುಕೊಂಡಿತು. ಬೆಳೆಯುವ ಅಂಗಾಂಶವೇ ಕರುಳಿನ ಮುಂಭಾಗವನ್ನು ಒತ್ತುವ ಹಂತವೊಂದಿದೆ. ಆ ಒತ್ತಡ ಇಲ್ಲದ ಭ್ರೂಣಗಳಲ್ಲಿ ಜೀನ್ ಮಂಕಾಯಿತು. ಸೂಜಿಯಿಂದ ಒತ್ತಿಕೊಟ್ಟಾಗ ಮರಳಿ ಚುರುಕಾಯಿತು.

ನಮ್ಮ ದೇಹದಲ್ಲಿ ಇದಕ್ಕೆ ಮೂಳೆಗಿಂತ ದೊಡ್ಡ ಸಾಕ್ಷಿ ಬೇಡ. ಹೊತ್ತ ಭಾರಕ್ಕೆ ತಕ್ಕಂತೆ ಮೂಳೆ ತನ್ನನ್ನೇ ಮತ್ತೆ ಕಟ್ಟಿಕೊಳ್ಳುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದರು. ವೃತ್ತಿಪರ ಟೆನಿಸ್ ಆಟಗಾರರ ಆಡುವ ತೋಳಿನ ಮೂಳೆಯ ಗಟ್ಟಿ ಪದರ ಇನ್ನೊಂದು ತೋಳಿಗಿಂತ ಸುಮಾರು ಮೂರನೇ ಒಂದರಷ್ಟು ದಪ್ಪವಿರುವುದನ್ನು 1977ರ ಎಕ್ಸ್-ರೇ ಅಧ್ಯಯನವೊಂದು ಅಳೆದಿತ್ತು. ಒಬ್ಬರದೇ ದೇಹ, ಅದೇ ರಕ್ತ, ಅದೇ ಹಾರ್ಮೋನ್, ಅದೇ ಊಟ. ಬೇರೆಯಾದದ್ದು ಬಲ ಮಾತ್ರ.

ಮೂಳೆಯೊಳಗೆ ಹುದುಗಿದ ಆಸ್ಟಿಯೊಸೈಟ್‌ಗಳು ಈ ಲೆಕ್ಕ ಇಡುತ್ತವೆ. ವಯಸ್ಕರ ಮೂಳೆಯ ಕೋಶಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಇವೇ. ಸಣ್ಣ ಕುಳಿಗಳಲ್ಲಿ ಕೂತು, ಕೂದಲಿಗಿಂತ ಎಷ್ಟೋ ಸಪೂರವಾದ ಕಾಲುವೆಗಳಲ್ಲಿ ಒಂದಕ್ಕೊಂದು ಕೈ ಚಾಚಿಕೊಂಡಿರುತ್ತವೆ. ನಾವು ಹೆಜ್ಜೆ ಇಟ್ಟಾಗ ಮೂಳೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಕಾಲುವೆಗಳೊಳಗಿನ ದ್ರವ ಹರಿಯುತ್ತದೆ, ಆ ಹರಿವು ಕೋಶಗಳನ್ನು ಉಜ್ಜುತ್ತದೆ. ಉಜ್ಜಿದಾಗ ಅವು ಎಸ್ಒಎಸ್‌ಟಿ ಎಂಬ ಜೀನನ್ನು ತಗ್ಗಿಸುತ್ತವೆ. ಈ ಜೀನ್ ತಯಾರಿಸುವ ಸ್ಕ್ಲೆರೊಸ್ಟಿನ್ ಮೂಳೆ ಕಟ್ಟುವ ಕೆಲಸಕ್ಕೆ ತಡೆ. ತಡೆ ಕಡಿಮೆಯಾದ ಕಡೆ ಮೂಳೆ ಬೆಳೆಯುತ್ತದೆ. ಹಾಸಿಗೆ ಹಿಡಿದು ಮಲಗಿದರೆ ತಡೆ ಹೆಚ್ಚುತ್ತದೆ, ಮೂಳೆ ಸವೆಯುತ್ತದೆ. ದಕ್ಷಿಣ ಆಫ್ರಿಕಾದ ಆಫ್ರಿಕಾನರ್ ಕುಟುಂಬಗಳಲ್ಲಿ ಈ ಜೀನ್ ಕೆಟ್ಟವರು ಅತಿ ದಪ್ಪ ಮೂಳೆಗಳಿಂದ ನರಳುತ್ತಿದ್ದರು. ಅವರ ಅಧ್ಯಯನದಿಂದಲೇ 2001ರಲ್ಲಿ ಜೀನ್ ಪತ್ತೆಯಾದದ್ದು. ಸ್ಕ್ಲೆರೊಸ್ಟಿನ್ನನ್ನು ತಡೆಯುವ ರೊಮೊಸೊಜುಮ್ಯಾಬ್ ಎಂಬ ಚುಚ್ಚುಮದ್ದಿಗೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮೂಳೆ ಟೊಳ್ಳಾದ ಹೆಂಗಸರಿಗೆ ಕೊಡುವ ಈ ಔಷಧಿ, ನಡೆದಾಡಿದರೆ ಸಿಗುವ ಸಂದೇಶವನ್ನೇ ರಾಸಾಯನಿಕವಾಗಿ ಕೊಡುತ್ತದೆ. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚಬಹುದೆಂಬ ಎಚ್ಚರಿಕೆಯೊಂದಿಗೇ ಅದಕ್ಕೆ ಅನುಮತಿ ಸಿಕ್ಕಿದ್ದು.

ಭಾರವೇ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಬಾಹ್ಯಾಕಾಶ ಉತ್ತರ. ಸೊಂಟದ ಭಾಗದಲ್ಲಿ ಗಗನಯಾತ್ರಿಗಳ ಮೂಳೆಸಾಂದ್ರತೆ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಇಳಿಯುತ್ತದೆ. ದಿನಕ್ಕೆ ಎರಡು ಗಂಟೆಯಷ್ಟು ವ್ಯಾಯಾಮ ಮಾಡುವುದು ಇದನ್ನು ತಡೆಯಲೆಂದೇ. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆ ರೂಪಿಸಿದ ಪ್ರಯೋಗವೂ ಜೊತೆಗಿತ್ತು. ಗುರುತ್ವ ಇಲ್ಲದಂತಿರುವಲ್ಲಿ ಸ್ನಾಯುಕೋಶಗಳು ಮರುಹುಟ್ಟು ಪಡೆಯುವುದು ಹೇಗೆ ಎಂಬುದು ಅದರ ವಿಷಯ.

ರಕ್ತನಾಳಗಳ ಕಥೆಯಲ್ಲಿ ಒಂದು ಹಳೆಯ ಒಗಟು ಬಿಡಿಸಿಕೊಳ್ಳುತ್ತದೆ. ಕೊಲೆಸ್ಟೆರಾಲ್, ಸಕ್ಕರೆ ರಕ್ತದಲ್ಲಿ ಎಲ್ಲೆಡೆ ಸಮನಾಗಿ ಹರಿಯುತ್ತವೆ. ಆದರೂ ಜಿಡ್ಡು ಕಟ್ಟುವುದು ನಾಳ ಬಾಗುವ, ಕವಲೊಡೆಯುವ ಜಾಗಗಳಲ್ಲಿ. ನೇರ ನಾಳದಲ್ಲಿ ಸರಾಗ ಹರಿವು ಒಳಗೋಡೆಯ ಕೋಶಗಳನ್ನು ಒಂದೇ ದಿಕ್ಕಿಗೆ ಸವರುತ್ತ ಕೆಎಲ್ಎಫ್2 ಎಂಬ ಜೀನನ್ನು ತೆರೆದಿಡುತ್ತದೆ. ಅದು ಉರಿಯೂತದ ಜೀನ್‌ಗಳನ್ನು ಅಡಗಿಸುತ್ತದೆ. ಕವಲಿನಲ್ಲಿ ಹರಿವು ಸುಳಿಯಾಗಿ ಹಿಂದುಮುಂದಾಡುತ್ತದೆ, ಕೆಎಲ್ಎಫ್2 ತಗ್ಗುತ್ತದೆ, ರೋಗಕ್ಕೆ ಜಾಗ ಸಿಗುತ್ತದೆ.

ಎಳೆತ ಮತ್ತು ಬಿಗಿ ಒಂದನ್ನೊಂದು ಏರಿಸುತ್ತ ಹೋದರೆ ಅದೇ ವಿಷವರ್ತುಲ. ಯಕೃತ್ತಿಗೆ ವರ್ಷಗಟ್ಟಲೆ ಪೆಟ್ಟು ಬಿದ್ದಾಗ ಅಲ್ಲಿನ ಸ್ಟೆಲ್ಲೇಟ್ ಕೋಶಗಳು ನಾರು ಕಟ್ಟುವ ಕೋಶಗಳಾಗುತ್ತವೆ. ನಾರಿನಿಂದ ಅಂಗ ಬಿಗಿಯಾಗುತ್ತದೆ, ಆ ಬಿಗಿ ಇನ್ನಷ್ಟು ಕೋಶಗಳನ್ನು ನಾರು ಕಟ್ಟಲು ಹಚ್ಚುತ್ತದೆ. ಆಸ್ಪತ್ರೆಗಳಲ್ಲಿ ಫೈಬ್ರೊಸ್ಕ್ಯಾನ್ ಮಾಡಿಸಿಕೊಂಡವರ ವರದಿಯಲ್ಲಿ ಕಿಲೋಪ್ಯಾಸ್ಕಲ್ ಎಂಬ ಅಳತೆ ಇರುತ್ತದೆ. ಯಕೃತ್ತಿನ ಕೋಶಗಳು ದಿನವೂ ಎಳೆದು ನೋಡುವ ಬಿಗಿಯೇ ಆ ಅಂಕಿ. ಸ್ತನದ ಗಂಟು ಕೈಗೆ ಗಟ್ಟಿಯಾಗಿ ಸಿಗುವುದನ್ನು ವೈದ್ಯರು ಬಹುಕಾಲದಿಂದ ಬಲ್ಲರು. ಸುತ್ತಲಿನ ನೆಲ ಬಿಗಿಯಾದರೆ ಸ್ತನದ ಕೋಶಗಳು ಕ್ಯಾನ್ಸರಿನ ಲಕ್ಷಣಗಳತ್ತ ವಾಲುತ್ತವೆ ಎಂದು ವ್ಯಾಲೆರಿ ವೀವರ್ ಅವರ ಗುಂಪು 2005ರಲ್ಲಿ ತೋರಿಸಿತು. ರೋಗ ಬಂದ ಮೇಲೆ ಆಗುವ ಗಡುಸುತನ ರೋಗವನ್ನು ಮುಂದಕ್ಕೆ ತಳ್ಳುವುದೂ ಹೌದು.

ಕೋಶಗಳು ಕಂಡ ನೆಲವನ್ನು ಬೇಗ ಮರೆಯುವುದೂ ಇಲ್ಲ. ಕೊಲೊರಾಡೊದ ಕ್ರಿಸ್ಟಿ ಆನ್ಸೆತ್ ಅವರ ಗುಂಪು 2014ರಲ್ಲಿ ಅಸ್ಥಿಮಜ್ಜೆಯ ಆಕರಕೋಶಗಳನ್ನು ಗಡುಸು ಪ್ಲಾಸ್ಟಿಕ್ ಮೇಲೆ ಬೆಳೆಸಿ, ಆಮೇಲೆ ಮೆತು ಜೆಲ್ಲಿಗೆ ಸಾಗಿಸಿತು. ಪ್ಲಾಸ್ಟಿಕ್ ಮೇಲೆ ಸ್ವಲ್ಪ ಕಾಲ ಮಾತ್ರ ಇದ್ದ ಕೋಶಗಳಲ್ಲಿ ಯಾಪ್ ಕೋಶಕೇಂದ್ರದಿಂದ ಹೊರಬಂತು. ಹತ್ತು ದಿನ ಇದ್ದವುಗಳಲ್ಲಿ ಮೆತು ನೆಲಕ್ಕೆ ಬಂದ ಮೇಲೂ ಒಳಗೇ ಉಳಿಯಿತು, ಮೂಳೆಯ ಜೀನ್‌ಗಳೂ ತೆರೆದೇ ಇದ್ದವು. ಇದಕ್ಕೂ ಮೊದಲು, 2010ರಲ್ಲಿ, ಸ್ಟ್ಯಾನ್‌ಫರ್ಡಿನ ಹೆಲೆನ್ ಬ್ಲಾವ್ ಗುಂಪು ಇಲಿಯ ಸ್ನಾಯು ಆಕರಕೋಶಗಳನ್ನು ಸ್ನಾಯುವಿನದೇ ಬಿಗಿಯ, 12 ಕಿಲೋಪ್ಯಾಸ್ಕಲ್ ಜೆಲ್ಲಿನ ಮೇಲೆ ಬೆಳೆಸಿತ್ತು. ಇಲಿಯೊಳಗೆ ಮರಳಿ ಸೇರಿಸಿದಾಗ ಅವು ಹೊಸ ಸ್ನಾಯು ಕಟ್ಟಿದವು. ಪ್ಲಾಸ್ಟಿಕ್ ಮೇಲೆ ಬೆಳೆದವು ಆ ಶಕ್ತಿಯನ್ನು ಬಹುಪಾಲು ಕಳೆದುಕೊಂಡಿದ್ದವು. ರೋಗಿಗೆ ಕೊಡಲೆಂದು ಆಕರಕೋಶಗಳನ್ನು ವಾರಗಟ್ಟಲೆ ಬೆಳೆಸುವವರು ಪೋಷಕ ದ್ರವದ ಪ್ರತಿ ಅಂಶವನ್ನೂ ಬರೆದಿಡುತ್ತಾರೆ. ತಟ್ಟೆಯ ಬಿಗಿ ಎಷ್ಟು, ಅದರ ಮೇಲೆ ಕೋಶಗಳು ಎಷ್ಟು ದಿನ ಕೂತಿದ್ದವು ಎಂಬುದನ್ನೂ ಅದೇ ಕಾಳಜಿಯಿಂದ ಬರೆದಿಡಬೇಕು.